ರವದಿ ಸುಟ್ಟರೆ ಸುಡುವುದು ರೈತನ ಬಿಲ್ಲೇ

ಮಾನ್ಯ ಸಂಪಾದಕರೇ,

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕುಳಿತಾಗ ಎಲ್ಲರ ಕಣ್ಣೂ ದರದ ಮೇಲಿತ್ತು. ನ್ಯಾಯವಾದ ಬೇಡಿಕೆಯೇ. ಆದರೆ ಕಟಾವು ಮುಗಿದ ಸಂಜೆ ಅದೇ ಹೊಲಗಳಲ್ಲಿ ರವದಿಯನ್ನು, ಎಂದರೆ ಕಬ್ಬಿನ ಒಣ ಎಲೆಯನ್ನು, ಕಡ್ಡಿ ಗೀರಿ ಸುಡುವುದರ ಲೆಕ್ಕ ಯಾರೂ ಹಾಕುವುದಿಲ್ಲ. ಎಥೆನಾಲ್ ಬಂದಮೇಲೆ ಕಾರ್ಖಾನೆಗಳ ಹಸಿವು ಹೆಚ್ಚಿದೆ. ಕಬ್ಬು ಮಾತ್ರ ಅದೇ ಮಣ್ಣಿನಿಂದಲೇ ಬರಬೇಕು.

ಎಕರೆಗೆ 40 ಟನ್ ಇಳುವರಿ ಬಂದಲ್ಲಿ 3ರಿಂದ 4 ಟನ್ ಒಣ ರವದಿ ಬೀಳುತ್ತದೆ. ಅದರಲ್ಲಿ ಸಾರಜನಕ ಶೇ 0.4ರ ಆಸುಪಾಸು, ಎಂದರೆ ಸುಮಾರು 14 ಕೆ.ಜಿ. ಯೂರಿಯಾಗೆ ತಿರುಗಿಸಿದರೆ 30 ಕೆ.ಜಿ. ಬೆಂಕಿ ಇಟ್ಟರೆ ಇದರ ಬಹುಪಾಲು ಹೊಗೆಯ ಜೊತೆ ಹೋಯಿತು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ ಎನ್ನುವವರ ಮಾತು ಸುಳ್ಳಲ್ಲ, ಆ ಬೂದಿ ಗಾಳಿಗೆ ಹಾರದಿದ್ದರೆ! ಮುಖ್ಯ ನಷ್ಟ ಸಾವಯವ ಇಂಗಾಲದ್ದು. ಜೊತೆಗೆ ನೆಲ ಬೋಳಾಗಿ ಬೇಸಿಗೆಯಲ್ಲಿ ಕೂಳೆಗೆ (ಕಡಿದ ಕಬ್ಬಿನ ಬುಡ ಹಾಗೂ ಅದರಿಂದ ಮತ್ತೆ ಚಿಗುರುವ ಬೆಳೆ) ಬೇಗ ಬೇಗ ನೀರು ಹಾಯಿಸಬೇಕಾಗುತ್ತದೆ.

‘ರವದಿ ಬಿಟ್ಟೆವು, ಕೂಳೆ ಹಳದಿಯಾಯಿತು’ ಎಂಬ ದೂರು ಸಾಮಾನ್ಯ. ದೂರು ನಿಜ, ದೋಷ ರವದಿಯದ್ದಲ್ಲ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆಯನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಬೆಳೆ ಉಪವಾಸ ಬೀಳುತ್ತದೆ. ಆದ್ದರಿಂದ ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, 1 ಕೆ.ಜಿ. ಕೊಳೆಸುವ ಜೀವಾಣು ಗೊಬ್ಬರ ಎರಚಿ ಕೂಡಲೇ ನೀರು ಕೊಡಬೇಕು. ನೀರು ತಡವಾದರೆ ಯೂರಿಯಾ ಅಮೋನಿಯಾ ಆಗಿ ಹಾರುತ್ತದೆ. ಇದಕ್ಕೂ ಮೊದಲು ಬುಡದ ಮೇಲಿನ ರವದಿಯನ್ನು ಸಾಲಿಗೆ ಸರಿಸಿ, ಕೂಳೆಯನ್ನು ನೆಲಮಟ್ಟಕ್ಕೆ ಸವರಬೇಕು. ಬುಡಕ್ಕೆ ಬಿಸಿಲು ಬೀಳದೆ ಮೊಳಕೆ ತಡವಾಗುವುದು ಈ ಕೆಲಸ ಬಿಟ್ಟವರ ಹೊಲದಲ್ಲೇ. ಬೆಳೆಯ ಗೊಬ್ಬರವನ್ನು ರವದಿಯ ಮೇಲೆ ಚೆಲ್ಲದೆ, ಬುಡದಿಂದ ಗೇಣು ದೂರ ಹಾರೆಯಲ್ಲಿ ಕುಳಿ ಹಾಕಿ ಮುಚ್ಚಬೇಕು.

ನೀರು ನಿಲ್ಲುವ ಎರೆ ಹೊಲಕ್ಕೆ ಈ ಮಾತು ಒಪ್ಪುವುದಿಲ್ಲ. ಅಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಿ, ಉಳಿದದ್ದನ್ನು ಬದುವಿನಲ್ಲಿ ಕೊಳೆಸಿ. ಕೆಂಪು ಕೊಳೆ ರೋಗ ಬಂದ ಹೊಲದಲ್ಲಂತೂ ಕೂಳೆಯನ್ನೇ ಬಿಡಬಾರದು.

ಇಷ್ಟು ತಿಳಿದೂ ರೈತ ಕಡ್ಡಿ ಗೀರುವುದು ಆಳು ಸಿಗದ್ದಕ್ಕೆ. ಪುಡಿ ಮಾಡುವ ಮಲ್ಚರ್ ಯಂತ್ರ ಎಲ್ಲರಿಗೂ ಒಂದೇ ಹಂಗಾಮಿನಲ್ಲಿ ಬೇಕು, ವರ್ಷವಿಡೀ ಕೆಲಸವಿಲ್ಲದ ಯಂತ್ರಕ್ಕೆ ಸಣ್ಣ ಹಿಡುವಳಿದಾರ ದುಡ್ಡು ಹಾಕಲಾರ. ಕಟಾವು ಗ್ಯಾಂಗನ್ನು ಕಳಿಸುವುದು ಕಾರ್ಖಾನೆ, ಯಾವ ಹೊಲ ಯಾವತ್ತು ಖಾಲಿಯಾಗುತ್ತದೆ ಎಂಬ ಪಟ್ಟಿಯೂ ಅದರ ಕೈಯಲ್ಲೇ ಇದೆ. ಗ್ಯಾಂಗಿನ ಹಿಂದೆಯೇ ಮಲ್ಚರನ್ನೂ ಕಳಿಸಿ, ಬಾಡಿಗೆಯನ್ನು ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಸುಟ್ಟ ಕಬ್ಬು ತಂದರೆ ದುಡ್ಡು ಕಡಿತ ಮಾಡಲು ಬರುವವರಿಗೆ ಇದೂ ಬರಬೇಕು.

– ಕಬ್ಬು ಬೆಳೆಗಾರ, ಮುಧೋಳ ತಾಲ್ಲೂಕು