ಎಣಿಸಬೇಡ ಪುಟ್ಟಾ

ಪುಟ್ಟಾ,

ನಿನ್ನ ಮೇಲ್ ಓದಿದೆ. ಎರಡು ಸಲ ಓದಿದೆ. ನಮ್ಮ ಯಹೂದಿ ಹಬ್ಬಗಳ ಪಟ್ಟಿ ಚೆನ್ನಾಗಿ ಮಾಡಿದ್ದೀಯ. ಎಲುಲ್ ತಿಂಗಳ ಬೆಳಗಿನ ಸೆಲಿಹೋತ್ ಪ್ರಾರ್ಥನೆ, ಹೊಸ ವರ್ಷದ ರೋಶ್ ಹಶಾನಾ, ಉಪವಾಸದ ಕಿಪ್ಪೂರ್, ಸುಕ್ಕೋತ್ ಚಪ್ಪರ, ಧರ್ಮಗ್ರಂಥ ತೋರಾದ ಸುರುಳಿ ಹೊತ್ತು ಹಾಕುವ ಸಿಮ್ಹತ್ ತೋರಾದ ಏಳು ಸುತ್ತು, ಯಾವುದನ್ನೂ ಬಿಟ್ಟಿಲ್ಲ. ಆದರೆ ಕೊನೆಯಲ್ಲಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ, "ಮಾಮಾ, ಏಳು ಜನ ಇದ್ದೀವಿ, ಕಿಪ್ಪೂರಿಗೂ ಹತ್ತು ಆಗದಿದ್ದರೆ ಬಾಗಿಲು ಹಾಕಿದವನು ನಾನೇ ಅಂತ ಆಗುತ್ತೆ" ಅಂತ. ಹತ್ತು ಗಂಡಸರು ಸೇರದೆ ಸಿನಗಾಗಿನಲ್ಲಿ, ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಪ್ರಾರ್ಥನೆ ಪೂರ್ತಿ ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಆ ಸಾಲು ಓದಿದ ಮೇಲೆ ಎರಡು ದಿನ ನಿದ್ದೆ ಸರಿಯಾಗಿ ಬಂದಿಲ್ಲ. ನಿನ್ನ ಮಾಮಿ ಕಾಫಿ ಜಾಸ್ತಿ ಆಯಿತು ಅಂತಾಳೆ. ಕಾಫಿ ಅಲ್ಲ.

ಮೊದಲು ಒಂದು ವಿಷಯ. ಏಳು ಅಂತ ಯಾಕೆ ಎಣಿಸಿದೆ? ಜನರನ್ನು ಒಂದು, ಎರಡು ಅಂತ ಎಣಿಸಬಾರದು ಅಂತ ಅಜ್ಜ ನಿನಗೂ ಹೇಳಿಕೊಟ್ಟಿರಲಿಲ್ವಾ? "ಹೋಶಿಯಾ ಎತ್ ಅಮ್ಮೆಖಾ" ಅಂತ ಶುರುವಾಗುವ ಆ ಹೀಬ್ರೂ ವಚನದಲ್ಲಿ ಹತ್ತು ಪದ ಇದೆ, ಒಬ್ಬೊಬ್ಬರ ಕಡೆ ನೋಡುತ್ತಾ ಒಂದೊಂದು ಪದ ಹೇಳುತ್ತಾ ಹೋಗಬೇಕು. ಪದ ಮುಗಿಯುವ ಮೊದಲೇ ಜನ ಮುಗಿದರೆ ಸುಮ್ನೆ ಬಾಗಿಲ ಕಡೆ ನೋಡುತ್ತಾ ಕೂರಬೇಕು. ನಾವೆಲ್ಲ ಹಾಗೇ ಕೂತಿದ್ದೇವೆ. ಕಾಯುವುದು ನಿನ್ನೊಬ್ಬನ ತಪ್ಪಿನಿಂದ ಶುರುವಾಗಿದ್ದಲ್ಲ.

ಈಗ ನಾನು ಯಾರಿಗೂ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ನಿನ್ನ ಮಾಮಿಗೆ ಗೊತ್ತು, ಅವಳೇ ಸಾಕ್ಷಿ.

ಮುಂಬೈಯಲ್ಲಿದ್ದಾಗ, ಮದುವೆಯಾಗಿ ಒಂದು ವರ್ಷ ಆಗಿರಬಹುದು. ಚಾಳಿನ ಮೂರನೇ ಮಹಡಿ. ಮಳೆ. ಆಫೀಸಿನಿಂದ ಬಂದು ಒದ್ದೆ ಬಟ್ಟೆ ಬದಲಾಯಿಸಿ ರೇಡಿಯೋ ಹಾಕಿಕೊಂಡು ಕೂತಿದ್ದೆ, ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಚಪ್ಪಲಿ ಒದ್ದೆಯಾಗಿ ಪಚ್ ಪಚ್ ಅನ್ನುತ್ತಿತ್ತು, ಸದ್ದಿನಲ್ಲೇ ಯಾರು ಅಂತ ಗೊತ್ತಾಯಿತು. ಅವತ್ತು ಅವರ ತಾಯಿ ತೀರಿದ ದಿನ. ಒಂಬತ್ತು ಜನ ಸೇರಿದ್ದಾರೆ, ಹತ್ತನೆಯವನಿಲ್ಲದೆ ತೀರಿದವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ ಹೇಳುವ ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಮಾಮಿಗೆ ಸನ್ನೆ ಮಾಡಿದೆ, ಇಲ್ಲ ಅನ್ನು ಅಂತ. ಅವಳು ಬಾಗಿಲು ಅರ್ಧ ತೆಗೆದು ಇನ್ನೂ ಬಂದಿಲ್ಲ ಅಂದಳು. ಅಷ್ಟರಲ್ಲಿ ನಾನು ರೇಡಿಯೋ ಸದ್ದು ಕಡಿಮೆ ಮಾಡಿದೆ. ಬುದ್ಧಿವಂತ! ಹೊರಗೆ ನಿಂತವರಿಗೆ ಅದು ಕೇಳಿಸದೇ ಇರುತ್ತಾ? ಅವರು ಏನೂ ಅನ್ನಲಿಲ್ಲ. ಚಪ್ಪಲಿ ಸದ್ದು ಕೆಳಗೆ ಹೋಯಿತು.

ಅವತ್ತು ಅವರಿಗೆ ಹತ್ತನೆಯವರು ಸಿಕ್ಕರೋ ಇಲ್ಲವೋ, ನಾನು ಕೇಳಲಿಲ್ಲ. ಮುಂದೆ ಅವರು ಇಸ್ರೇಲಿಗೆ ಹೋದರು. ಕಿಪ್ಪೂರ್ ಮುಂಚೆ ಹೋಗಿ ಕ್ಷಮೆ ಕೇಳಬಹುದಿತ್ತು. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು, ದೇವರ ಹತ್ತಿರ ಅಳುವುದರಿಂದ ಆಗುವುದಿಲ್ಲ. ಪ್ರತಿ ವರ್ಷ ಈ ಸಲ ಕೇಳೋಣ ಅಂದುಕೊಂಡೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬಾಗಿಲು ಹಾಕಿದವನು ನೀನು ಅಂತೀಯಲ್ಲ, ಹಾಕಿದವರು ನನ್ನಂಥವರು ಪುಟ್ಟಾ. 1948ರ ಹೊತ್ತಿಗೆ ನಾವು ಬೆನೆ ಇಸ್ರೇಲಿಗಳು, ಕೊಂಕಣ ಕಡೆಯ ಯಹೂದಿಗಳು, ಈ ದೇಶದಲ್ಲಿ ಸುಮಾರು 20,000 ಇದ್ದೆವು. ಹೋದವರು ಹೋದರು, ಅವರದೇನೂ ತಪ್ಪಿಲ್ಲ. ಇಸ್ರೇಲಿನ ಲೋದ್, ಅಶ್ದೋದ್, ದಿಮೋನಾದಲ್ಲಿ ಅವರ ಸಿನಗಾಗ್‌ಗಳು ತುಂಬಿರುತ್ತವೆ. ಇಲ್ಲೇ ಇದ್ದೂ ರೇಡಿಯೋ ಸದ್ದು ಕಡಿಮೆ ಮಾಡಿದವರ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ.

ನಾನು ಬೆಂಗಳೂರಿಗೆ ಬಂದೆ. ಇಲ್ಲಿ ನಮ್ಮವರಿಗೆ ಸ್ಮಶಾನ ಇದೆ, 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ. ಕಟ್ಟಿ ನಿಲ್ಲಿಸಿದ ಸಿನಗಾಗ್ ನಾನು ಬಂದಾಗ ಇರಲಿಲ್ಲ. ಸತ್ತರೆ ಜಾಗ ಇದೆ, ಬದುಕಿದ್ದಾಗ ಸೇರುವುದಕ್ಕಿಲ್ಲ ಅಂತ ತಮಾಷೆ ಮಾಡುತ್ತಿದ್ದೆ. ನಿಮ್ಮಜ್ಜನನ್ನು ಅಲ್ಲಿ ಮಣ್ಣು ಮಾಡಿದ ದಿನ ತಮಾಷೆ ನಿಂತಿತು. ವಚನದ ಎಂಟನೇ ಪದಕ್ಕೆ ಜನ ಮುಗಿದರು. ನಾನು ಗೇಟಿನ ಕಡೆ ನೋಡುತ್ತಾ ನಿಂತಿದ್ದೆ. ಒಂದು ಆಟೋ ನಿಂತ ಹಾಗಾಯಿತು, ಬಂದವನು ದಾರಿ ಕೇಳಿಕೊಂಡು ಹೋದ.

ಇನ್ನು ನಿನ್ನ ಹೆದರಿಕೆಗೇ ಬರುತ್ತೇನೆ, ಎಲ್ಲೆಲ್ಲೋ ಹೋಗುತ್ತಿದ್ದೇನೆ. ನಮ್ಮ ಹಿರಿಯರು ಕಿಪ್ಪೂರಿಗೆ ದಾರ್‌ಫಾಳ್ನಿಚಾ ಸಣ ಅಂತಿದ್ದರು, ಬಾಗಿಲು ಹಾಕುವ ಹಬ್ಬ. ಬಿಳಿ ಬಟ್ಟೆ ಉಟ್ಟು, ಒಳಗೆ ಸೇರಿ, ಹೊರಗಿನವರ ಜೊತೆ ಮಾತೂ ಆಡದೆ ದಿನವೆಲ್ಲ ಇರುತ್ತಿದ್ದರಂತೆ. ಅವರು ಬಾಗಿಲು ಹಾಕುತ್ತಿದ್ದದ್ದು ಒಳಗಿನಿಂದ. ಆಗ ಸಿನಗಾಗ್ ಎಲ್ಲಿತ್ತು? ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ತಿರುಗಿಸುತ್ತಾ, ನಮ್ಮ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಾ, ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತ ಕರೆಸಿಕೊಳ್ಳುತ್ತಾ ಎಷ್ಟೋ ತಲೆಮಾರು ಹಾಗೇ ಕಳೆದರು. ಇದು ನಿನಗೆ ಸಮಾಧಾನವೋ ನನಗೆ ನೆಪವೋ, ನೀನೇ ನೋಡು.

ಶ್ರೀರಂಗಪಟ್ಟಣ ನೆನಪಿದೆಯಾ? ಬಂದೀಖಾನೆ ತೋರಿಸಿ, ನಮ್ಮ ಸ್ಯಾಮ್ಯುಯೆಲ್ ದಿವೇಕರ್ ಟಿಪ್ಪು ಸೈನ್ಯದ ಕೈಗೆ ಸಿಕ್ಕಿದ್ದ ಕಥೆ ಹೇಳುತ್ತಿದ್ದೆ, ನೀನು ಕಬ್ಬಿನ ಹಾಲು ಬೇಕು ಅಂತ ಹಟ ಹಿಡಿದೆ. ಜೀವ ಉಳಿದರೆ ದೇವರಿಗೊಂದು ಮನೆ ಕಟ್ಟುತ್ತೇನೆ ಅಂತ ಹರಕೆ ಹೊತ್ತನಂತೆ. 1796ರಲ್ಲಿ ಮುಂಬೈಯಲ್ಲಿ ಕಟ್ಟಿದ. ಅದೇ ಜುನೀ ಮಸೀದ್, ಹಳೇ ಮಸೀದಿ, ಅಂತ ಕರೆಯುವ ನಮ್ಮವರ ಮೊದಲ ಸಿನಗಾಗ್. ಮರುವರ್ಷ ಕೊಚ್ಚಿಯಲ್ಲಿ ತೀರಿಕೊಂಡ, ತೋರಾ ಸುರುಳಿ ತರಲು ಹೋಗಿದ್ದನಂತೆ. ಪಾಪ, ಕಟ್ಟಿದವನಿಗೂ ಪೂರ್ತಿ ಮಾಡಿ ನೋಡಲು ಆಗಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆ ಅಂತ ಈಗ ಗೊತ್ತಾಯಿತಲ್ಲ. ಆದರೂ ಒಂದೆರಡು ಮಾತು. ವಾಟ್ಸ್ಯಾಪ್ ಗುಂಪಿನಲ್ಲಿ "ಎಲ್ಲರೂ ಬನ್ನಿ" ಅಂತ ಹಾಕಬೇಡ, ಎಲ್ಲರೂ ಅಂದರೆ ಯಾರೂ ಅಲ್ಲ. ಒಬ್ಬೊಬ್ಬರಿಗೆ ಫೋನ್ ಮಾಡು. ಠಾಣೆ, ಪನ್ವೇಲ್ ಕಡೆಯವರು ಅವರವರ ಸಿನಗಾಗ್ ಬಿಟ್ಟು ಬರುವುದು ಕಷ್ಟ, ಅಲ್ಲಿ ಜನ ಜಾಸ್ತಿ ಇದ್ದರೆ ಮೂವರನ್ನು ಕಳಿಸಿಕೊಡಿ ಅಂತ ನೇರವಾಗಿ ಕೇಳು. ಕೇಳುವುದಕ್ಕೆ ನಾಚಿಕೆ ಬೇಡ. ಅವತ್ತು ಪ್ರಯಾಣ ಮಾಡುವ ಹಾಗಿಲ್ಲವಾದ್ದರಿಂದ ಹಿಂದಿನ ದಿನವೇ ಬಂದು ಉಳಿಯಬೇಕು, ಅಂದರೆ ಹಾಸಿಗೆ, ಸೊಳ್ಳೆಪರದೆ, ನೀರು. ಹಬ್ಬ ಕೆಡುವುದು ಇಂಥವುಗಳಲ್ಲೇ. ಉಪವಾಸ ಬಿಡುವ ಹೊತ್ತಿಗೆ ಒಣದ್ರಾಕ್ಷಿ ಶರಬತ್ತು, ಪುರಿ ಇದೆ ಅಂತ ಮೊದಲೇ ಹೇಳಿಬಿಡು, ಅದಕ್ಕಾಗಿಯೇ ಬರುವ ಮುದುಕರು ನನಗೆ ಗೊತ್ತು. ದೆಹಲಿಯ ಜೂಡಾ ಹ್ಯಾಮ್ ಸಿನಗಾಗಿನಲ್ಲಿ ಹೆಂಗಸರನ್ನೂ ಹತ್ತರಲ್ಲಿ ಸೇರಿಸುತ್ತಾರೆ. ನಿಮ್ಮೂರಿನ ಹಿರಿಯರು ಒಪ್ಪಲಿಕ್ಕಿಲ್ಲ, ನಾನು ಹೇಳಿದೆ ಅಂತ ಹೇಳಬೇಡ. ನಿನ್ನ ಮಾಮಿ ಮಾತ್ರ ಇದನ್ನು ಬರೆಯಲೇಬೇಕು ಅಂದಳು.

ಅಷ್ಟಾದ ಮೇಲೂ ಹತ್ತು ಆಗದಿದ್ದರೆ? ಆಗದಿದ್ದರೆ ಕದ್ದಿಶ್ ಬಿಟ್ಟು ಉಳಿದದ್ದನ್ನು ಓದಿ. ತೋರಾ ತೆಗೆಯುವ ಹಾಗಿಲ್ಲ, ಆದರೆ ಬಾಗಿಲು ತೆಗೆಯಬಹುದಲ್ಲ. ಎಣ್ಣೆ ದೀಪ ಹಚ್ಚಬಹುದು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು ಕೇಳಿದರೆ ತಿರುಗಿ ನೋಡಬಹುದು.

ರೋಶ್ ಹಶಾನಾಗೆ ಕೊಡಗಿನ ಜೇನು ಎರಡು ಬಾಟಲಿ ಪಾರ್ಸೆಲ್ ಮಾಡಿದ್ದೇನೆ, ಸೋರಿದ್ದರೆ ಹೇಳು. ಕಿಪ್ಪೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಟಿಕೆಟ್ ಮಾಡಿದೆ, ವೇಟಿಂಗ್ ಲಿಸ್ಟ್ 14ರಲ್ಲಿದೆ. ಡಾಕ್ಟರು ಉಪವಾಸ ಬೇಡ ಅಂದಿದ್ದಾರೆ, ಬರಬೇಡ ಅಂದಿಲ್ಲ. ನನಗೆ ನೆಲದ ಮೇಲೆ ಹಾಸಬೇಡ, ಮಂಡಿ ಏಳುವುದಿಲ್ಲ. ಬಾಗಿಲ ಹತ್ತಿರ ಒಂದು ಕುರ್ಚಿ ಇದ್ದರೆ ಸಾಕು.

ನಿನ್ನ
ಮಾಮಾ