ಪಂಪ್‌ಸೆಟ್ಟಿನ ಏಳು ತಾಸು ಹಗಲಿಗೆ ಬರಲಿ

ಮಾನ್ಯ ಸಂಪಾದಕರೇ,

ಕಲ್ಲಿದ್ದಲು ಬೇಕೋ, ಗಾಳಿ ಬಿಸಿಲಿನ ವಿದ್ಯುತ್ತೇ ಸಾಕೋ ಎಂಬ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ನಡೆದಿರುವ ವಾದವನ್ನು ತಪ್ಪದೆ ಓದುತ್ತಿದ್ದೇನೆ. ಹವಾಮಾನ ಕೆಡಲು ಕಲ್ಲಿದ್ದಲೇ ಮೂಲ, ಆದ್ದರಿಂದ ರಾಯಚೂರು, ಕುಡತಿನಿ, ಕೂಡಗಿಯ ಸ್ಥಾವರಗಳನ್ನು ಆದಷ್ಟು ಬೇಗ ಮುಚ್ಚಬೇಕು ಎಂದು ಕೆಲವರು ಬರೆದಿದ್ದಾರೆ. ಮೋಡವನ್ನೂ ಗಾಳಿಯನ್ನೂ ನಂಬಿ ಕಾರ್ಖಾನೆ ನಡೆಯುವುದಿಲ್ಲ, ಶ್ರೀಮಂತ ದೇಶಗಳು ಮಾಡಿದ ತಪ್ಪಿಗೆ ನಾವೇಕೆ ದಂಡ ತೆರಬೇಕು ಎಂದು ಉಳಿದವರು ಕೇಳಿದ್ದಾರೆ. ಎರಡೂ ಕಡೆಯವರ ಪತ್ರಗಳಲ್ಲಿ ನಮ್ಮ ಗದಗ ಜಿಲ್ಲೆಯ ಹೆಸರು ಬರುತ್ತದೆಯಾದರೂ ಅದು ಗಾಳಿಯಂತ್ರಗಳ ಊರು ಎಂಬಷ್ಟಕ್ಕೇ ನಿಲ್ಲುತ್ತದೆ. ವಿದ್ಯುತ್ ಮಂಡಳಿ ಇದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಕಿರಿಯ ಎಂಜಿನಿಯರ್ ಆಗಿ ನಿವೃತ್ತನಾಗಿ, ಈಗ ಮುಂಡರಗಿ ತಾಲ್ಲೂಕಿನಲ್ಲಿ ಆರು ಎಕರೆ ಹೊಲ ಮತ್ತು ಒಂದು ಬೋರ್‌ವೆಲ್ ನೋಡಿಕೊಂಡಿರುವ ನನಗೆ, ಈ ವಾದದಲ್ಲಿ ಗಡಿಯಾರದ ಮಾತನ್ನು ಯಾರೂ ಎತ್ತಲಿಲ್ಲವಲ್ಲ ಎಂದು ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ವಿದ್ಯುತ್ತು ಯಾವುದರಿಂದ ಹುಟ್ಟಿತು ಎಂಬುದು ಎಷ್ಟು ಮುಖ್ಯವೋ, ಅದು ಯಾವ ತಾಸಿನಲ್ಲಿ ಹುಟ್ಟಿ ಯಾವ ತಾಸಿನಲ್ಲಿ ಖರ್ಚಾಯಿತು ಎಂಬುದೂ ಅಷ್ಟೇ ಮುಖ್ಯ.

ನಮ್ಮ ಫೀಡರಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ನಮ್ಮ ಹೊಲಗಳಿಗೆ ಬರುವ ಲೈನಿಗೆ, ಪಂಪ್‌ಸೆಟ್ ನಡೆಸುವ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಏಳು ತಾಸಿನಂತೆ ಪಾಳಿಯ ಮೇಲೆ ಬರುತ್ತದೆ: ಒಂದು ವಾರ ಹಗಲು, ಮರುವಾರ ರಾತ್ರಿ. ಆಟೋ ಸ್ಟಾರ್ಟರ್ ಇದ್ದ ಮೇಲೆ ಮನೆಯಲ್ಲಿ ಮಲಗಬಹುದಲ್ಲ ಎನ್ನುವವರು ಹೊಲಕ್ಕೆ ನೀರು ಹಾಯಿಸಿದವರಲ್ಲ. ಮೋಟಾರು ತಾನಾಗಿ ಚಾಲೂ ಆಗಬಹುದು, ಆದರೆ ನೀರು ಒಂದು ಮಡಿಯಿಂದ ಮತ್ತೊಂದು ಮಡಿಗೆ ತಾನಾಗಿ ತಿರುಗುವುದಿಲ್ಲ. ಅದಕ್ಕೆ ಕೈಯಲ್ಲಿ ಸಲಿಕೆ ಹಿಡಿದ ಮನುಷ್ಯನೇ ಬೇಕು. ಕಳೆದ ಮಾಘದಲ್ಲಿ ಉಳ್ಳಾಗಡ್ಡಿಗೆ ನೀರು ಕಟ್ಟಲು ರಾತ್ರಿ ಒಂದೂವರೆಗೆ ಬದುವಿನ ಮೇಲೆ ನಿಂತಿದ್ದೆ. ಬ್ಯಾಟರಿಯ ಬೆಳಕು ಬಿದ್ದಲ್ಲಿ ಒಂದು ಕೊಳಕುಮಂಡಲ ತೇವದ ಮಣ್ಣಿಗೆ ಮೈ ಒತ್ತಿ ಮಲಗಿತ್ತು. ಅದು ಸರಿದು ಹೋಗುವವರೆಗೆ ಕಾಲು ಕೀಳದೆ ನಿಂತೆ, ಅಷ್ಟರಲ್ಲಿ ಒಡ್ಡು ಒಡೆದು ಎರಡು ಮಡಿಯ ನೀರು ಪಕ್ಕದವರ ಕಡಲೆ ಹೊಲಕ್ಕೆ ನುಗ್ಗಿತು. ಆಗ ಕಪ್ಪತಗುಡ್ಡದ ಕಡೆಗೆ ಕಣ್ಣು ಹಾಯಿಸಿದರೆ ಗಾಳಿಯಂತ್ರಗಳ ನೆತ್ತಿಯ ಕೆಂಪು ದೀಪಗಳು ಸಾಲಾಗಿ ಮಿಣುಕುತ್ತಿದ್ದವು. ಗಾಳಿ ಸತ್ತಿದ್ದರಿಂದ ರೆಕ್ಕೆಗಳು ನಿಂತಿದ್ದವು. ನಿಂತ ಯಂತ್ರವು ತನ್ನ ದೀಪ ಉರಿಸಲು ಗ್ರಿಡ್‌ನಿಂದಲೇ ವಿದ್ಯುತ್ ಎಳೆಯುತ್ತದೆ ಎಂಬುದು ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಬಿಸಿಲಂತೂ ಇರಲಿಲ್ಲ. ಆ ರಾತ್ರಿ ನನ್ನ ಬೋರಿನ ನೀರೆತ್ತಿದ್ದು ಬಹುಪಾಲು ಕಲ್ಲಿದ್ದಲು. ಬಿಸಿಲು ಧಾರಾಳವಾಗಿ ಸುರಿಯುವ ಬಯಲಿನಲ್ಲಿ, ಗಾಳಿಯಂತ್ರಗಳ ಬುಡದಲ್ಲಿ, ನಾವು ಮಾಡುತ್ತಿರುವ ನೀರಾವರಿ ಇಂಥದ್ದು.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳಬೇಕು. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತವು 2030ರ ಹೊತ್ತಿಗೆ ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಕಟ್ಟುವುದಾಗಿಯೂ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಸಾಧಿಸುವುದಾಗಿಯೂ ಹೇಳಿತು. ಸ್ಥಾಪಿತ ಸಾಮರ್ಥ್ಯದಲ್ಲಿ ಅಂಥ ಮೂಲಗಳ ಪಾಲು 2025ರಲ್ಲಿ ಅರ್ಧ ದಾಟಿದೆ ಎಂಬ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿಯೂ ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಅದು ಮೆಗಾವಾಟಿನ ಲೆಕ್ಕ, ಯೂನಿಟ್ಟಿನ ಲೆಕ್ಕವಲ್ಲ; ಅಂದರೆ ಎಷ್ಟು ಉತ್ಪಾದಿಸಬಲ್ಲದು ಎಂಬುದರ ಲೆಕ್ಕ, ಎಷ್ಟು ಉತ್ಪಾದಿಸಿತು ಎಂಬುದರದಲ್ಲ. ಒಂದು ಮೆಗಾವಾಟಿನ ಉಷ್ಣ ಘಟಕವು ದಿನವಿಡೀ ಪೂರ್ತಿ ನಡೆದರೆ 24,000 ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಸೌರ ಘಟಕ ಒಳ್ಳೆಯ ಬಿಸಿಲಿನ ದಿನ ಕೊಡುವುದು ನಾಲ್ಕೈದು ಸಾವಿರ. ದೇಶದಲ್ಲಿ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಈಗಲೂ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ಸೌರ ವಿದ್ಯುತ್ತಿನ ಪರವಾಗಿ ಬರೆಯುವವರು ಮೊದಲನೆಯ ಅಂಕಿಯನ್ನೂ, ವಿರೋಧಿಸುವವರು ಎರಡನೆಯದನ್ನೂ ಹಿಡಿದು ಜಗ್ಗುತ್ತಿದ್ದಾರೆ.

ಗಾಳಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಯಾವ ಎಂಜಿನಿಯರೂ ಪಾಠ ಹೇಳಬೇಕಾಗಿಲ್ಲ. ಆಷಾಢದ ಗಾಳಿ ಎಂದರೆ ಸಾಕು, ಮನೆಯ ಹಂಚು ಭದ್ರ ಮಾಡಿಕೊಳ್ಳುತ್ತಿದ್ದರು. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು ಏರುತ್ತದೆ. ಆದ್ದರಿಂದ ನಮ್ಮ ಭಾಗದ ಗಾಳಿಯಂತ್ರಗಳು ವರ್ಷದ ಗಳಿಕೆಯ ದೊಡ್ಡ ಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿಯೇ ಗಳಿಸುತ್ತವೆ. ಆಗ ಮಳೆ ಇರುವುದರಿಂದ ಪಂಪ್‌ಸೆಟ್ಟುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಹಾಗಾದರೆ ಆ ವಿದ್ಯುತ್ತು ದಂಡವೇ? ಅಲ್ಲ. ಆಷಾಢದಲ್ಲಿ ಗಾಳಿಯಿಂದ ಯೂನಿಟ್ ಬಂದಷ್ಟೂ ಲಿಂಗನಮಕ್ಕಿಯ ನೀರನ್ನು ಶರಾವತಿಯ ಯಂತ್ರಗಳಿಗೆ ಬಿಡದೆ ಬೇಸಿಗೆಗೆ ಉಳಿಸಿಕೊಳ್ಳಬಹುದು. ವಿದ್ಯುತ್ತನ್ನು ಕೂಡಿಡಲು ಬ್ಯಾಟರಿ, ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವುದು) ಎಂದು ಈಗ ದೊಡ್ಡ ಮಾತು ನಡೆಯುತ್ತಿದೆ. 1,035 ಮೆಗಾವಾಟಿನ ಶರಾವತಿಯನ್ನು ಅರ್ಥವರಿತು ನಡೆಸಿದರೆ ಅದೇ ಒಂದು ಬ್ಯಾಟರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹಿಂಗಾರಿ ಮುಗಿದು ಜನವರಿಯಿಂದ ಏಪ್ರಿಲ್‌ವರೆಗೆ, ಬೋರಿನ ನೀರಿಗೆ ನಿಜವಾಗಿ ಬಾಯಿ ಬಿಡುವ ಕಾಲದಲ್ಲಿ, ಈ ಗಾಳಿ ಕೈಗೆ ಸಿಗುವುದಿಲ್ಲ. ಆಗ ಸಿಗುವುದು ಬಿಸಿಲು. ಬಿಸಿಲು ಏರಿದಷ್ಟೂ ಬೆಳೆಗೆ ನೀರು ಬೇಕು. ಬಿಸಿಲು ಏರಿದಷ್ಟೂ ಸೌರ ಘಟಕ ಯೂನಿಟ್ ಕೊಡುತ್ತದೆ. ಇಷ್ಟು ಚೆನ್ನಾಗಿ ಒಂದಕ್ಕೊಂದು ಹೊಂದುವ ಬೇಡಿಕೆ ಮತ್ತು ಪೂರೈಕೆಯನ್ನು ನನ್ನ ಸೇವಾವಧಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ, ಮತ್ತು ಅದನ್ನೇ ನಾವು ಕತ್ತರಿಸಿ ಅರ್ಧವನ್ನು ರಾತ್ರಿಗೆ ತಳ್ಳಿದ್ದೇವೆ.

ಇದು ಸಣ್ಣ ಬಾಬತ್ತಲ್ಲ. ರಾಜ್ಯದಲ್ಲಿ 30 ಲಕ್ಷಕ್ಕೂ ಮಿಕ್ಕಿ ಪಂಪ್‌ಸೆಟ್ಟುಗಳಿವೆ, ರಾಜ್ಯ ಬಳಸುವ ವಿದ್ಯುತ್ತಿನಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಅವುಗಳಿಗೆ ಹೋಗುತ್ತದೆ, ಹತ್ತು ಅಶ್ವಶಕ್ತಿಯವರೆಗೆ ಅದರ ಬಿಲ್ಲನ್ನು ಸರ್ಕಾರವೇ ಭರಿಸುತ್ತದೆ. ಇತ್ತ ಮಧ್ಯಾಹ್ನ ಸೌರ ವಿದ್ಯುತ್ತು ಉಕ್ಕಿದಾಗ ಕಲ್ಲಿದ್ದಲಿನ ಘಟಕಗಳನ್ನು ತಗ್ಗಿಸಬೇಕಾಗುತ್ತದೆ. ಬಾಯ್ಲರನ್ನು ಮನೆಯ ದೀಪದಂತೆ ಆರಿಸಿ ಹಚ್ಚಲಾಗುವುದಿಲ್ಲ, ಸಾಮರ್ಥ್ಯದ ನೂರಕ್ಕೆ 55ಕ್ಕಿಂತ ಕೆಳಗೆ ನಡೆಸುವುದು ಹಳೆಯ ಘಟಕಗಳಿಗೆ ಕಷ್ಟ. ಹೀಗಾಗಿ ಕೆಲವೊಮ್ಮೆ ಹಗಲಿನ ಅಗ್ಗದ ಸೌರ ವಿದ್ಯುತ್ತನ್ನೇ ಬೇಡವೆನ್ನಬೇಕಾಗುತ್ತದೆ. ಮಧ್ಯಾಹ್ನ ಬೇಡವೆಂದು ಬಿಟ್ಟು, ಮಧ್ಯರಾತ್ರಿ ಕಲ್ಲಿದ್ದಲು ಸುಟ್ಟು ಅದೇ ನೀರನ್ನು ಎತ್ತುವ ಈ ಪದ್ಧತಿಗೆ ಸರ್ಕಾರ ಹಣ ಕೊಡುತ್ತಿದೆ, ರೈತ ನಿದ್ದೆ ಕೊಡುತ್ತಿದ್ದಾನೆ.

ಪರಿಹಾರ ಹೊಸದೇನಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರ್ಪಡಿಸಿದ್ದರಿಂದ ಅರ್ಧ ಕೆಲಸ ಮುಗಿದಿದೆ. ಹಾಗೆ ಬೇರೆಯಾದ ಪಂಪ್‌ಸೆಟ್ ಫೀಡರಿಗೆ ಸಬ್‌ಸ್ಟೇಷನ್ನಿನ ಪಕ್ಕದಲ್ಲಿಯೇ ಸೌರ ಘಟಕ ಜೋಡಿಸುವ ಅವಕಾಶ ರೈತರಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ 2019ರ ಕುಸುಮ್ ಯೋಜನೆಯಲ್ಲಿದೆ. ನೆರೆಯ ಮಹಾರಾಷ್ಟ್ರ 2017ರಲ್ಲಿಯೇ ಸೌರ ಕೃಷಿ ವಾಹಿನಿ ಎಂಬ ಹೆಸರಿನಲ್ಲಿ ಇಂಥ ಕೆಲಸ ಆರಂಭಿಸಿತು. ನಮ್ಮ ರಾಜ್ಯದಲ್ಲಿಯೂ ಆ ಯೋಜನೆಯ ಫೀಡರ್ ಭಾಗವಾದ ಕುಸುಮ್-ಸಿ ಅಡಿಯಲ್ಲಿ ಘಟಕಗಳು ಮೇಲೇಳುತ್ತಿವೆ. ಎಲ್ಲ ಪಂಪ್‌ಸೆಟ್ಟುಗಳನ್ನೂ ಒಮ್ಮೆಗೇ ಹಗಲಿಗೆ ತಂದರೆ ಲೈನು ತಾಳುತ್ತದೆಯೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಪಾಳಿ ಹುಟ್ಟಿದ್ದೇ ಆ ಕಾರಣಕ್ಕೆ. ಆದರೆ ವಿದ್ಯುತ್ತು ನೇರವಾಗಿ ಸಬ್‌ಸ್ಟೇಷನ್ನಿನ 11 ಕೆ.ವಿ. ಬಸ್ಸಿಗೇ (ಫೀಡರುಗಳು ಹೊರಡುವ ಲೋಹದ ಪಟ್ಟಿಗೇ) ಬಂದು ಸೇರಿದರೆ ಮೇಲಿನ ಟ್ರಾನ್ಸ್‌ಫಾರ್ಮರಿನ ಹೊರೆ ಇಳಿಯುತ್ತದೆ, ದೂರದ ಸಾಗಣೆಯ ನಷ್ಟವೂ ತಪ್ಪುತ್ತದೆ. ಬಲಪಡಿಸಬೇಕಾದದ್ದು ಕೆಳಗಿನ ತಂತಿಯನ್ನು ಮತ್ತು ಟಿ.ಸಿ.ಗಳನ್ನು, ಅಂದರೆ ಹೊಲದ ಬಳಿಯ ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು. ಮೋಡದ ದಿನ ಫೀಡರು ಗ್ರಿಡ್‌ನಿಂದಲೇ ನಡೆದುಕೊಳ್ಳುತ್ತದೆ. ಪ್ರತಿ ಹೊಲಕ್ಕೂ ಪ್ರತ್ಯೇಕ ಸೋಲಾರ್ ಪಂಪು ಕೊಡುವುದಕ್ಕಿಂತ ಇದೇ ಲೇಸು ಎನ್ನಲು ಇನ್ನೊಂದು ಕಾರಣವೂ ಇದೆ: ಸ್ವಂತ ಪ್ಯಾನೆಲ್ ಇದ್ದವನು ಬಿಸಿಲಿರುವವರೆಗೂ ನೀರೆತ್ತುತ್ತಾನೆ, ಫೀಡರಿಗಾದರೆ ಏಳು ತಾಸಿನ ಮಿತಿ ಇರುತ್ತದೆ. ನಮ್ಮ ಕಡೆ ಬೋರುಗಳು ಎಷ್ಟು ಆಳಕ್ಕೆ ಇಳಿದಿವೆ ಎಂದು ಬಲ್ಲವರಿಗೆ ಆ ಮಿತಿಯ ಬೆಲೆ ಗೊತ್ತು.

ಕಲ್ಲಿದ್ದಲಿನ ಪರ ಬರೆದವರ ಒಂದು ಮಾತನ್ನು ನಾನು ಒಪ್ಪುತ್ತೇನೆ. ಸಂಜೆ ಏಳಕ್ಕೆ, ಸೂರ್ಯ ಮುಳುಗಿ, ಮನೆಮನೆಯಲ್ಲಿ ದೀಪ ಹತ್ತಿ, ಮಿಕ್ಸರು ತಿರುಗುವ ಹೊತ್ತಿನಲ್ಲಿ ಇಂದಿಗೂ ನಮ್ಮನ್ನು ಎತ್ತಿ ಹಿಡಿಯುವುದು ರಾಯಚೂರಿನ ಶಕ್ತಿನಗರ, ಕುಡತಿನಿ, ಕೂಡಗಿಯ ಸ್ಥಾವರಗಳೇ. 2023ರಲ್ಲಿ ಮಳೆ ಕೈಕೊಟ್ಟು, ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ವರ್ಷ, ಜಲವಿದ್ಯುತ್ತೂ ತಗ್ಗಿ ಅಕ್ಟೋಬರಿನಲ್ಲಿ ತ್ರೀಫೇಸ್ ಐದು ತಾಸಿಗೆ ಇಳಿದಾಗ ರೈತರು ಬೀದಿಗೆ ಬಂದದ್ದನ್ನು ಮರೆತಿಲ್ಲ. ಆ ಸ್ಥಾವರಗಳನ್ನು ನಾಳೆಯೇ ಮುಚ್ಚಿ ಎನ್ನುವವರು ಆ ತಿಂಗಳನ್ನು ನೆನೆಯಬೇಕು. ಹಾಗೆಯೇ, ಭಾರತೀಯನೊಬ್ಬನ ಪಾಲಿಗೆ ಬೀಳುವ ವಾರ್ಷಿಕ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್ ಆಗಿದ್ದರೆ ಅಮೆರಿಕದವನದು ಅದರ ಏಳು ಪಟ್ಟು ಎಂಬುದೂ ನಿಜವೇ. ಆದರೆ ಯಾರ ತಪ್ಪು ಹೆಚ್ಚು ಎಂದು ಅಳೆಯುತ್ತ ಕುಳಿತರೆ ಮಲಪ್ರಭೆ ಕಾಯುವುದಿಲ್ಲ. 2019ರ ಆಗಸ್ಟಿನಲ್ಲಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ಹೊಳೆ ನುಗ್ಗಿತು, ನಾಲ್ಕೇ ವರ್ಷಕ್ಕೆ ಬರ ಬಂತು. ಒಂದು ನೆರೆಯನ್ನೋ ಒಂದು ಬರವನ್ನೋ ಬೆರಳಿಟ್ಟು ತೋರಿಸಿ ಇದು ಹವಾಮಾನ ಬದಲಾವಣೆಯದೇ ಕೆಲಸ ಎನ್ನುವುದು ವಿಜ್ಞಾನವಲ್ಲ. ಆದರೆ ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯುತ್ತದೆ ಎಂಬುದು ವಿಜ್ಞಾನ, ಹಿಡಿದದ್ದನ್ನು ಅದು ಎಲ್ಲೋ ಸುರಿಯಲೇಬೇಕು.

ಗಾಳಿ, ಬಿಸಿಲು ಎಂದೊಡನೆ ಎಲ್ಲವೂ ಪುಣ್ಯದ ಕೆಲಸವೆಂದು ನಾನು ನಂಬಿದವನಲ್ಲ. ಗುಡ್ಡದ ಮೇಲೆ ಒಂದು ಯಂತ್ರ ನಿಲ್ಲಿಸಲು ಬುಡದಿಂದ ನೆತ್ತಿಯವರೆಗೆ ಲಾರಿ ಹೋಗುವಷ್ಟು ಅಗಲದ ದಾರಿ ಕಡಿಯಬೇಕು. ಗಣಿಗಾರಿಕೆಯಿಂದ ಕಪ್ಪತಗುಡ್ಡವನ್ನು ಉಳಿಸಲು ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಹೋರಾಡಿದ್ದರಿಂದಲೇ ಅದು 2019ರಲ್ಲಿ ವನ್ಯಜೀವಿ ಧಾಮವಾಯಿತು. ಗಣಿಗೆ ಬೇಡವೆಂದ ಗುಡ್ಡವನ್ನು ರೆಕ್ಕೆಗಳಿಗೆ ಒಪ್ಪಿಸುವುದು ಸರಿಯಲ್ಲ. ಬಯಲಿನ ಹೊಲಗಳಿಗೆ ಬಂದರೆ ಮಾತು ಬೇರೆ, ಆದರೆ ಅಲ್ಲಿಯೂ ಕರಾರು ನೋಡಿ ಮಾಡಬೇಕು. ಪಾವಗಡದ ಸೌರ ಪಾರ್ಕಿನಲ್ಲಿ ರೈತರು ಹೊಲ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಭೋಗ್ಯಕ್ಕೆ ಕೊಟ್ಟರು. ನಮ್ಮ ಕಡೆ ಮಧ್ಯವರ್ತಿಗಳ ಮಾತಿಗೆ ಖರೀದಿಪತ್ರಕ್ಕೇ ಸಹಿ ಹಾಕಿದವರಿದ್ದಾರೆ. ಒಂದು ಮೆಗಾವಾಟ್ ಸೌರ ಘಟಕಕ್ಕೆ ನಾಲ್ಕೈದು ಎಕರೆ ಬೇಕು. ಅದಕ್ಕೆ ಕಡಲೆ, ಬಿಳಿಜೋಳ ಬೆಳೆಯುವ ಎರೆ ಹೊಲವನ್ನೇ ಹುಡುಕಬೇಕಾಗಿಲ್ಲ, ಕಲ್ಲು ಮಿಕ್ಕ ಮಸಾರಿ ನಮ್ಮಲ್ಲಿ ಸಾಕಷ್ಟಿದೆ.

ಮನೆಯ ಮಾಳಿಗೆಯ ಸೋಲಾರ್ ಬಗ್ಗೆ ಒಂದೇ ಮಾತು. ಮೂರು ಕಿಲೋವಾಟಿಗೆ ಕೇಂದ್ರ 78,000 ರೂಪಾಯಿ ಸಹಾಯಧನ ಕೊಡುತ್ತಿದೆ, ರಾಜ್ಯ 200 ಯೂನಿಟ್‌ವರೆಗೆ ಬಿಲ್ಲೇ ಬೇಡವೆನ್ನುತ್ತಿದೆ. ಎರಡೂ ಒಳ್ಳೆಯ ಯೋಜನೆಗಳೇ ಇರಬಹುದು. ಆದರೆ ಬಿಲ್ಲೇ ಬಾರದ ಮನೆಯವನು ಸಾಲ ಮಾಡಿ ಪ್ಯಾನೆಲ್ ಏಕೆ ಹಾಕಿಸುತ್ತಾನೆ ಎಂದು ಎರಡು ಸರ್ಕಾರಗಳೂ ಒಟ್ಟಿಗೆ ಕುಳಿತು ಯೋಚಿಸಿದಂತಿಲ್ಲ.

ನಮ್ಮ ಫೀಡರನ್ನು ಕಾಯಂ ಆಗಿ ಹಗಲು ಪಾಳಿಗೆ ಬದಲಿಸಬೇಕೆಂದು ನಾವು ಹದಿನೆಂಟು ಜನ ರೈತರು ಸಹಿ ಮಾಡಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ವರ್ಷ ದಾಟಿದೆ. ಎರಡು ಸಲ ಹೋಗಿ ವಿಚಾರಿಸಿದಾಗ, ಮೇಲಿನಿಂದ ಆದೇಶ ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಅದೇ ಮಾತನ್ನು ನಾನೂ ಆ ಮೇಜಿನ ಆಚೆ ಕುಳಿತು ಎಷ್ಟೋ ಜನರಿಗೆ ಹೇಳಿದ್ದರಿಂದ ಸಿಟ್ಟು ಮಾಡಿಕೊಳ್ಳಲು ಮುಖವಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಗದಗ ಜಿಲ್ಲೆಯಲ್ಲಿ ಯಾವ ಯಾವ ಸಬ್‌ಸ್ಟೇಷನ್ನಿನ ಯಾವ ಫೀಡರುಗಳಿಗೆ ಹಗಲು ವಿದ್ಯುತ್ತು ಕೊಡಲು ಸೌರ ಘಟಕ ಮಂಜೂರಾಗಿದೆ, ಅದಕ್ಕೆ ಜಾಗ ಗೊತ್ತಾಗಿದೆಯೇ, ಉಳಿದ ಫೀಡರುಗಳ ಸರದಿ ಯಾವಾಗ ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರೆಸಲಿ. ನಮ್ಮ ಫೀಡರಿಗೆ ಬರುವ ಸೋಮವಾರದಿಂದ ಮತ್ತೆ ರಾತ್ರಿ ಪಾಳಿ. ಮೊನ್ನೆ ಮುಂಡರಗಿಗೆ ಹೋದಾಗ ಬ್ಯಾಟರಿಗೆ ಹೊಸ ಸೆಲ್ ತಂದಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಎಂಜಿನಿಯರ್, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ