ಶುಗರ್ ಇದ್ದೋರ ಕಣ್ಣಿನ ಪರದೆ ನೋಡೋರು ಬೇಕು

ಮಾನ್ಯ ಸಂಪಾದಕರೇ,

ನಮ್ಮಪ್ಪಂಗೆ ಶುಗರ್ ಬಂದು 15 ವರ್ಷ ಆಯ್ತು, ಕಣ್ಣು ಮಂಜು ಮಂಜು ಅಂದಾಗ ಇಲ್ಲೊಬ್ರು ಕನ್ನಡಕ ಬದಲಾಯಿಸಿ ಕಳಿಸಿದ್ರು, ಆರು ತಿಂಗಳಾದ್ಮೇಲೆ ಬೆಂಗಳೂರಲ್ಲಿ ತೋರಿಸಿದ್ರೆ ರೆಟಿನಾದಲ್ಲೇ, ಅಂದ್ರೆ ಕಣ್ಣಿನ ಹಿಂದಿನ ಪರದೆಯಲ್ಲೇ, ರಕ್ತ ಸೋರ್ತಿದೆ ಅಂದ್ರು. ನಮ್ ಕಡೆ ಹಿರೀಕರಿಗೆ ಕಣ್ ಡಾಕ್ಟ್ರು ಅಂದ್ರೆ ಎಂ.ಸಿ. ಮೋದಿಯವರು, ಕ್ಯಾಂಪಲ್ಲಿ ಪೊರೆ ತೆಗೆಸಿದ್ರೆ ಮುಗೀತು ಅನ್ನೋ ನಂಬಿಕೆ. ರೆಟಿನಾ ಕೆಲ್ಸ ಬೇರೇನೇ. ಎಂಬಿಬಿಎಸ್, ಆಮೇಲೆ 3 ವರ್ಷ ಕಣ್ಣಿನ ಎಂಎಸ್, ಅದ್ರ ಮೇಲೆ ರೆಟಿನಾಗೇ ಅಂತ ಫೆಲೋಶಿಪ್ಪು. ಇಷ್ಟು ಓದಿ ಕಾಲೇಜಲ್ಲಿ ಪಾಠ, ರಿಸರ್ಚ್ ಅಂತ ಕೂರೋರು ಕಮ್ಮಿ, ಪ್ರೈವೇಟಲ್ಲಿ ದುಡ್ಡಿದೆ, ತಪ್ಪು ಅನ್ನಲ್ಲ ಬಿಡಿ.

ಆದ್ರೆ ಹಂಗೆ ಕೂತೋರೇ ಅಲ್ವಾ, ಮಯಾಮಿಯ ಬ್ಯಾಸ್ಕಮ್ ಪಾಮರ್ ಸಂಸ್ಥೆಯ ಫಿಲಿಪ್ ರೋಸೆನ್‌ಫೆಲ್ಡ್, 2005ರಲ್ಲಿ ಕರುಳಿನ ಕ್ಯಾನ್ಸರಿಗೆ ಅಂತ ಬಂದಿದ್ದ ಬೆವಾಸಿಝುಮ್ಯಾಬ್ ಔಷಧಿನ ಚೂರೇ ಚೂರು ಕಣ್ಣೊಳಗೆ ಕೊಟ್ಟು ನೋಡಿದ್ದು? ಅಪ್ಪಂಗೆ ಈಗ ಕೊಡ್ತಿರೋದೂ ಅದೇ, ಬೇರೆ ಇಂಜೆಕ್ಷನ್ ರೇಟಿನ ಮುಂದೆ ಅದು ಏನೂ ಅಲ್ಲ.

ದಾವಣಗೆರೆಗೆ ಮೆಡಿಕಲ್ ಕಾಲೇಜು ಬಂದಿದ್ದು 1965ರಲ್ಲಿ, ಈಗಂತೂ ಕಾಲೇಜಿಗೆ ಬರ ಇಲ್ಲ. ಟೈಪ್ 2 ಶುಗರ್ ಅಂತ ಗೊತ್ತಾದಾಗ್ಲೇ ರೆಟಿನಾ ನೋಡ್ಬೇಕು, ಆಮೇಲೆ ವರ್ಷಕ್ಕೊಂದ್ಸಲ. ಈ ಕಾಲೇಜುಗಳ ಆಸ್ಪತ್ರೆಗಳಲ್ಲಿ ಶುಗರ್ ಚೆಕಪ್ಪಿಗೆ ಬಂದೋರಿಗೆ ಪಕ್ಕದ ರೂಮಲ್ಲೇ ಕಣ್ಣಿನ ಫೋಟೊ ತೆಗೆಯೋ ವ್ಯವಸ್ಥೆ ಮಾಡ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲೂ.

ಒಬ್ಬ ಓದುಗ, ದಾವಣಗೆರೆ